ಏನೂ ಮಾಡಲ್ಲ, ಹೋಗು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ವಾರಕ್ಕೆ ಎರಡು ಸಲವಾದರೂ ಕಿವಿಗೆ ಬೀಳುವ ಮಾತೊಂದಿದೆ. ಬಾಗಿಲು ತೆರೆದರೆ ಒಳಗೊಂದು ದೊಡ್ಡ ನಾಯಿ, ಅದರ ಹಗ್ಗ ಹಿಡಿದ ಯಜಮಾನರು. ನಾವು ಒಂದು ಹೆಜ್ಜೆ ಹಿಂದೆ ಸರಿದರೆ ಅವರು ನಗುತ್ತಾ, "ಬನ್ನಿ ಬನ್ನಿ, ಏನೂ ಮಾಡಲ್ಲ" ಅಂತಾರೆ. ಊರಲ್ಲಿ ಇದೇ ಮಾತನ್ನು ಹೋರಿಯ ಬಗ್ಗೆ ಹೇಳುತ್ತಿದ್ದರು, ಗುಡಿಯ ಮುಂದೆ ಮಲಗಿರುವ ಬಸವನ ಬಗ್ಗೆ ಹೇಳುತ್ತಿದ್ದರು, ಕೊನೆಗೆ ಇಂಜೆಕ್ಷನ್ ಹಿಡಿದ ಡಾಕ್ಟರ ಬಗ್ಗೆಯೂ ಹೇಳುತ್ತಿದ್ದರು. "ಏನೂ ಮಾಡಲ್ಲ, ಹೋಗು."

ಕಳೆದ ಜುಲೈವರೆಗೂ ಈ ಮಾತಿನಲ್ಲಿ ನನಗೆ ತಪ್ಪೇನೂ ಕಂಡಿರಲಿಲ್ಲ. ಜುಲೈನ ಒಂದು ಭಾನುವಾರ ಬೆಳಿಗ್ಗೆ ನಾನೇ ಅದನ್ನು ನನ್ನ ಎಂಟು ವರ್ಷದ ಮಗಳಿಗೆ ಹೇಳಿದೆ. ಒಂದು ಕುದುರೆಯ ಬಗ್ಗೆ.

ಮಗಳಿಗೆ ಕುದುರೆ ಹುಚ್ಚು. ಅವಳ ಕಾಟ ತಡೆಯಲಾರದೆ ಬೆಂಗಳೂರಿನ ಹೊರಗಿರುವ ಒಂದು ಸವಾರಿ ಶಾಲೆಗೆ ಸೇರಿಸಿದ್ದೆವು. ಅಲ್ಲಿ ಬಂದ ತಕ್ಷಣ ಮಕ್ಕಳನ್ನು ಕುದುರೆ ಹತ್ತಿಸುವುದಿಲ್ಲ. ಮೊದಲು ಕುದುರೆಯ ಮೈ ಉಜ್ಜಬೇಕು, ಜೂಲು ಬಾಚಬೇಕು, ಹಗ್ಗ ಹಿಡಿದು ನಡೆಸಬೇಕು. ಇದನ್ನೆಲ್ಲ ಕಲಿಸುವವರು ಅಲ್ಲಿನ ಲಾಯ ನೋಡಿಕೊಳ್ಳುವ ಹಿರಿಯರು. ಮಕ್ಕಳೆಲ್ಲ ಅವರನ್ನು ಚಾಚಾ ಅಂತಾರೆ, ನಾನೂ ಹಾಗೇ ಕರೆಯೋದು. ಮಗಳ ಪಾಲಿಗೆ ಬಂದಿದ್ದು ರಾಣಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಹದಿನೇಳು ವರ್ಷದ್ದು. ಎಷ್ಟು ಸಾಧು ಅಂದರೆ ಮಕ್ಕಳ ಕ್ಲಾಸಿಗೆಂದೇ ಅದನ್ನು ಇಟ್ಟಿದ್ದರು.

ನನಗೆ ಸ್ವಲ್ಪ ಧಿಮಾಕು ಇತ್ತು. ನಾನು ಕುಣಿಗಲ್ ಕಡೆಯವನು. ಕುಣಿಗಲ್ ಅಂದರೆ ಜನಕ್ಕೆ ನೆನಪಾಗುವುದು ಎರಡು, ಕೆರೆ ಮತ್ತು ಕುದುರೆ ಫಾರಂ. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಸಾಕಿದ ಜಾಗ ಅದು, ಆಮೇಲೆ ರೇಸ್ ಕುದುರೆ ಬೆಳೆಸಿದರು. ಚಿಕ್ಕವರಿದ್ದಾಗ ಬೇಲಿಯಾಚೆ ಓಡಾಡುವ ಕುದುರೆ ನೋಡಿದ್ದೇವೆಯೇ ಹೊರತು ಮುಟ್ಟಿದವರಲ್ಲ. ಮುಟ್ಟಿದ್ದೆಲ್ಲ ದನ. ಆದರೂ ಕೊಟ್ಟಿಗೆಯಲ್ಲಿ ಬೆಳೆದ ನನಗೆ ಕುದುರೆ ಏನು ಮಹಾ ಅನ್ನುವ ಭಾವನೆ. ನಾಲ್ಕು ಕಾಲಿನದೆಲ್ಲ ಒಂದೇ ಅಂದುಕೊಂಡಿದ್ದೆ.

ಆವತ್ತು ಸಣ್ಣಗೆ ಮಳೆ. ರಾಣಿಯನ್ನು ಕಂಬಕ್ಕೆ ಕಟ್ಟಿ ಚಾಚಾ ನೀರು ತರಲು ಹೋಗಿದ್ದರು. ಮಗಳು ಹಳದಿ ರೇನ್‌ಕೋಟು ಹಾಕಿಕೊಂಡು ಒಂದು ಪಕ್ಕ ನಿಂತಿದ್ದಳು. ನಾನು ಇನ್ನೊಂದು ಪಕ್ಕ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದೆ. ಅಜ್ಜಿಗೆ ವಾಟ್ಸ್ಯಾಪಿನಲ್ಲಿ ಕಳಿಸೋಣ ಅಂತ. "ಪುಟ್ಟಿ, ಈ ಕಡೆ ಬಾ, ಬೆಳಕು ಚೆನ್ನಾಗಿದೆ" ಅಂದೆ. ಅವಳು ಕುದುರೆಯ ಮುಂದಿನಿಂದ ಸುತ್ತಿ ಬರಲು ಹೊರಟಳು. ಚಾಚಾ ಹಾಗೆ ಕಲಿಸಿದ್ದರು. ನಾನು, "ಹಿಂದಿನಿಂದ ಬಾ, ಬಾಲ ಕಾಣ್ಲಿ" ಅಂದೆ. "ಚಾಚಾ ಬೇಡ ಅಂದಿದ್ದಾರಪ್ಪಾ" ಅಂದಳು. ಆಗ ನಾನು ಆ ಮಾತು ಹೇಳಿದೆ.

"ಏನೂ ಮಾಡಲ್ಲ, ಹೋಗು."

ಹೋದಳು. ಅಪ್ಪ ಹೇಳಿದ ಮೇಲೆ ಮಕ್ಕಳು ಹೋಗುತ್ತಾರೆ. ರೇನ್‌ಕೋಟಿನ ಟೋಪಿ ಗಾಳಿಗೆ ಪರಪರ ಅಂತು. ರಾಣಿಯ ಕಿವಿ ಹಿಂದಕ್ಕೆ ತಿರುಗಿದ್ದು ನನಗೆ ಕಂಡಿದ್ದು ಆಮೇಲೆ, ವಿಡಿಯೋದಲ್ಲಿ. ಕಣ್ಣೆದುರು ಕಂಡಿದ್ದು ಇಷ್ಟೇ: ಮಗಳ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟು ಇದ್ದಕ್ಕಿದ್ದಂತೆ ಅಲ್ಲಿರಲಿಲ್ಲ. ಅದು ಗೋಡೆಗೆ ಬಡಿದು ಎರಡು ಹೋಳಾಗಿ ಬಿತ್ತು. ಮಗಳು ಬಕೆಟ್ಟಿನಿಂದ ಒಂದು ಗೇಣು ದೂರದಲ್ಲಿ, ಕೈಯಲ್ಲಿದ್ದ ಬ್ರಷ್ಷನ್ನು ಇನ್ನೂ ಹಾಗೇ ಹಿಡಿದು ನಿಂತಿದ್ದಳು.

ಸದ್ದು ಕೇಳಿ ಶಾಲೆಯ ಮಾಲೀಕರು ಓಡಿ ಬಂದರು. ಮಗುವಿಗೆ ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಚಾಚಾ ಕಡೆ ತಿರುಗಿದರು. "ಯಾರು ಮಗೂನ ಹಿಂದೆ ಬಿಟ್ಟಿದ್ದು?" ಚಾಚಾ ಆಗಷ್ಟೇ ನೀರು ಹಿಡಿದುಕೊಂಡು ಬಂದಿದ್ದರು. ತಲೆ ತಗ್ಗಿಸಿ, "ನಂದೇ ತಪ್ಪು ಸಾರ್. ನೀರಿಗೆ ಹೋಗಿದ್ದೆ" ಅಂದರು. ಮಾಲೀಕರು ರಾಣಿಯನ್ನು ಒಮ್ಮೆ ನೋಡಿ, "ಇದು ಇನ್ನು ಮಕ್ಕಳ ಕ್ಲಾಸಿಗೆ ಬೇಡ" ಅಂದರು.

ನಾನು ಸುಮ್ಮನಿದ್ದೆ. ಹತ್ತು ಸೆಕೆಂಡು ಇರಬಹುದು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ, "ಇಲ್ಲ ಸರ್, ನಾನೇ ಹಿಂದಿನಿಂದ ಬಾ ಅಂದೆ. ಅವಳು ಬೇಡ ಅಂದರೂ ಕೇಳಲಿಲ್ಲ" ಅಂದೆ. ಮಾಲೀಕರು ಫೀಸು ಕಟ್ಟುವವರಿಗೆ ಹೇಳುವ ಹಾಗೆ, "ಪರವಾಗಿಲ್ಲ ಬಿಡಿ ಸರ್" ಅಂದು ಒಳಗೆ ಹೋದರು. ನನ್ನ ಮಾತಿನಿಂದ ರಾಣಿಗೆ ಏನಾದರೂ ಉಪಯೋಗವಾಯಿತೋ ಇಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ.

ಹೊರಡುವಾಗ ಚಾಚಾನ ಹತ್ತಿರ ಹೋಗಿ ಕ್ಷಮಿಸಿ ಅಂದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. "ಮಕ್ಕಳ ಕ್ಲಾಸು ಬಿಟ್ಟರೆ ಇದಕ್ಕೆ ಬೇರೆ ಕೆಲಸ ಇಲ್ಲ ಸಾರ್. ಕೆಲಸ ಇಲ್ಲದ ಕುದುರೆಗೆ ಹುರುಳಿ ಯಾರು ಹಾಕ್ತಾರೆ?" ಅಂದರು. ಆಮೇಲೆ, "ಮುಂದಿನ ವಾರ ಅರ್ಧ ಗಂಟೆ ಮುಂಚೆ ಬನ್ನಿ. ನಿಮಗೂ ಕಲಿಸ್ತೀನಿ" ಅಂದರು.

ಮುಂದಿನ ಭಾನುವಾರ ಹೋದೆ. ಆವತ್ತು ಕಲಿತಿದ್ದನ್ನು ಇಲ್ಲಿ ಬರೆಯುತ್ತೇನೆ. ನನ್ನ ಹಾಗೆ ದನ ನೋಡಿ ಕುದುರೆ ಗೊತ್ತು ಅಂದುಕೊಂಡವರು ಇನ್ನೂ ಇರಬಹುದು.

ದನ ಹೆಚ್ಚಾಗಿ ಒದೆಯುವುದು ಪಕ್ಕಕ್ಕೆ, ಕಾಲನ್ನು ಮುಂದೆ ತಂದು ಬೀಸಿ. ಅದಕ್ಕೇ ನಾವು ಎತ್ತಿನ ನೇರ ಹಿಂದೆ ನಿಂತು ಬಾಲ ತಿರುಚಿ ನಡೆಸಿಯೂ ಬದುಕಿದ್ದೇವೆ. ಕುದುರೆಯ ಜೋರಾದ ಒದೆ ಇರುವುದು ನೇರ ಹಿಂದಕ್ಕೆ. ಊರಿನ ಅಭ್ಯಾಸವನ್ನು ಇಲ್ಲಿಗೆ ತಂದರೆ ಸರಿಯಾಗಿ ಅದರ ಕಾಲಿನ ದಾರಿಯಲ್ಲೇ ನಿಂತ ಹಾಗೆ.

ಕುದುರೆಯ ಕಣ್ಣು ತಲೆಯ ಎರಡು ಬದಿಯಲ್ಲಿವೆ. ತಲೆ ಅಲ್ಲಾಡಿಸದೆ ಸುತ್ತ ಹೆಚ್ಚುಕಮ್ಮಿ 350 ಡಿಗ್ರಿ ನೋಡಬಲ್ಲದು. ಕಾಣದೇ ಇರುವುದು ಎರಡೇ ಜಾಗ: ಹಣೆಯ ಎದುರು, ಮೂತಿಯ ಕೆಳಗಿನ ಸ್ವಲ್ಪ ಭಾಗ, ಮತ್ತೆ ಬಾಲದ ನೇರ ಹಿಂದೆ. ಅಂದರೆ ನಾನು ಮಗಳನ್ನು ಕಳಿಸಿದ್ದು ಇಡೀ ಪ್ರಪಂಚದಲ್ಲಿ ರಾಣಿಗೆ ಕಾಣದ ಜಾಗಕ್ಕೆ. ಅಲ್ಲಿಂದ ಪರಪರ ಸದ್ದು ಬಂತು. ಹುಲ್ಲುಗಾವಲಿನಲ್ಲಿ ತೋಳಕ್ಕೆ, ಚಿರತೆಗೆ ಹೆದರಿ ಓಡಿ ಉಳಿದುಕೊಂಡ ಜಾತಿ ಅದು. ಕಟ್ಟಿ ಹಾಕಿದ್ದರಿಂದ ಓಡಲು ಆಗಲ್ಲ. ಓಡಲು ಆಗದಿದ್ದರೆ ಉಳಿಯುವುದು ಕಾಲು ಮಾತ್ರ.

ಹತ್ತಿರ ಹೋಗುವುದು ಭುಜದ ಕಡೆಗೆ, ಸ್ವಲ್ಪ ಓರೆಯಾಗಿ, ಸಾಮಾನ್ಯವಾಗಿ ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ಕಟ್ಟಿದ ಸೈನಿಕರ ಕಾಲದ ರೂಢಿ ಅದು ಅಂತಾರೆ. ಹೋಗುವ ಮುಂಚೆ ಮಾತಾಡಬೇಕು, ಯಾಕೆಂದರೆ ಕುದುರೆ ನಿಂತೇ ತೂಕಡಿಸುತ್ತದೆ. ಕಿವಿ ನಿಮ್ಮ ಕಡೆ ತಿರುಗಿದರೆ ಕೇಳಿಸಿಕೊಂಡಿದೆ ಅಂತ. ಕಿವಿ ಕತ್ತಿಗೆ ಅಂಟಿಕೊಂಡ ಹಾಗೆ ಹಿಂದಕ್ಕೆ ಮಲಗಿದರೆ ಅಲ್ಲೇ ನಿಲ್ಲಬೇಕು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಲೇಬಾರದು. ನಾನು ಲ್ಯಾಪ್‌ಟಾಪ್ ಚಾರ್ಜರಿನ ವೈರು ಸುತ್ತಿದ ಹಾಗೆ ಸುತ್ತಿಕೊಂಡಿದ್ದೆ. ಚಾಚಾ ಮಾತಾಡದೆ ಬಿಡಿಸಿ, ಮಡಿಕೆ ಮಾಡಿ ಕೈಯಲ್ಲಿಟ್ಟರು. 400 ಕೆ.ಜಿ. ತೂಕದ ಪ್ರಾಣಿ ಬೆದರಿ ಓಡಿದರೆ ಸುತ್ತಿದ ಹಗ್ಗ ಬಿಗಿಯುತ್ತದೆ, ಬೆರಳು ಹೋಗುತ್ತದೆ, ಇಲ್ಲವೇ ಮನುಷ್ಯನೇ ಎಳೆದುಕೊಂಡು ಹೋಗುತ್ತಾನೆ. ಕಂಬಕ್ಕೆ ಕಟ್ಟುವ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಗೊರಸು ನೋಡುವಾಗ ನೆಲಕ್ಕೆ ಮಂಡಿ ಊರಬಾರದು, ಕೂರಬಾರದು. ಕುಕ್ಕರುಗಾಲಿನಲ್ಲಿರಬೇಕು, ತಕ್ಷಣ ಏಳೋಕೆ ಆಗುವ ಹಾಗೆ. ಚಪ್ಪಲಿ ಬೇಡ, ಶೂ ಬೇಕು. ಕೆಳಗೆ ನಿಂತಿರುವಾಗಲೂ ಮಕ್ಕಳ ತಲೆಗೆ ಹೆಲ್ಮೆಟ್ ಬೇಕು.

ಹಿಂದಿನಿಂದ ದಾಟಲೇಬೇಕಾದರೆ? ಚಾಚಾ ಹೇಳಿದ್ದನ್ನು ಅವರ ಮಾತಲ್ಲೇ ಹೇಳುತ್ತೇನೆ. "ಒಂದಾ ಬೆನ್ನ ಮೇಲೆ ಕೈಯಿಟ್ಟು, ಮಾತಾಡ್ತಾ, ಮೈಗೆ ಅಂಟ್ಕೊಂಡೇ ಹೋಗಿ. ಅಷ್ಟು ಹತ್ತಿರ ಇದ್ರೆ ಒದೆಗೆ ಜೋರಿರಲ್ಲ. ಇಲ್ಲಾಂದ್ರೆ ಎರಡು ಕುದುರೆ ಉದ್ದದಷ್ಟು ದೂರದಿಂದ ಹೋಗಿ. ನಡುವೆ ಇರೋ ಜಾಗ ಯಮಂದು. ಮಕ್ಕಳಿಗೆ ಮಾತ್ರ ಒಂದೇ ದಾರಿ, ಮುಂದಿನಿಂದ ಸುತ್ತೋದು."

ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು, ಇದರಲ್ಲಿ ಹೊಸದೇನೂ ಇಲ್ಲ ಅಂತ. ಸಾಕ್ರಟೀಸನ ಶಿಷ್ಯ, ಸೈನಿಕನೂ ಆಗಿದ್ದ ಗ್ರೀಸಿನ ಕ್ಸೆನೊಫೋನ್ ಸುಮಾರು 2,300 ವರ್ಷಗಳ ಹಿಂದೆ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದಿದ್ದಾನೆ. ಕಾಲು ಉಜ್ಜುವವನು ಯಾವ ಕಡೆ ಮುಖ ಮಾಡಿ, ಎಲ್ಲಿ ಇದ್ದರೆ ಏಟು ತಪ್ಪುತ್ತದೆ ಅಂತ ಅದರಲ್ಲೂ ಇದೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ: ಸಿಟ್ಟಿನಲ್ಲಿರುವಾಗ ಕುದುರೆಯ ಹತ್ತಿರ ಹೋಗಬೇಡ. ಸಿಟ್ಟಿಗೆ ಮುಂದಾಲೋಚನೆ ಇಲ್ಲ, ಆಮೇಲೆ ಪಶ್ಚಾತ್ತಾಪ ಪಡುವಂಥದ್ದನ್ನು ಅದು ಮಾಡಿಸುತ್ತದೆ ಅನ್ನುವ ಅರ್ಥದ ಮಾತು. ಏಟು ತಪ್ಪಿಸಿಕೊಳ್ಳುವುದು ಮತ್ತು ಏಟು ಕೊಡದಿರುವುದು ಎರಡನ್ನೂ ಅವನು ಒಂದೇ ಪುಸ್ತಕದಲ್ಲಿ ಇಟ್ಟಿದ್ದಾನೆ. ಅದು ನನ್ನ ತಲೆಯಲ್ಲಿ ಉಳಿಯಿತು.

ಈಗ ಪ್ರಶ್ನೆಗೆ ಬರುತ್ತೇನೆ. ಆವತ್ತು ಒದ್ದಿದ್ದು ರಾಣಿ. ತಪ್ಪು ಯಾರದು?

ಒಂದು ಕಾಲದಲ್ಲಿ ಇದಕ್ಕೆ ಜನ ಸುಲಭವಾಗಿ ಉತ್ತರ ಕೊಡುತ್ತಿದ್ದರು. 1386ರಲ್ಲಿ ಫ್ರಾನ್ಸಿನ ಫಲೇಸ್ ಎಂಬ ಊರಲ್ಲಿ ಮಗುವನ್ನು ಕೊಂದ ಹಂದಿಯೊಂದಕ್ಕೆ ಮರಣದಂಡನೆ ಕೊಟ್ಟರು. ಇಂಗ್ಲೆಂಡಿನಲ್ಲಿ ಡಿಯೋಡ್ಯಾಂಡ್ ಅಂತ ಒಂದು ಕಾನೂನಿತ್ತು. ಮನುಷ್ಯನ ಸಾವಿಗೆ ಕಾರಣವಾದ ಕುದುರೆಯೋ ಗಾಡಿಯೋ, ಅದು ಅಥವಾ ಅದರ ಬೆಲೆ ರಾಜನಿಗೆ ಸೇರಬೇಕು ಅಂತ. ರೈಲು ಬಂದು ಅಪಘಾತಗಳಾದ ಮೇಲೆ, 1846ರಲ್ಲಿ ಅದನ್ನು ತೆಗೆದುಹಾಕಿದರು. ಓದುವಾಗ ನಗು ಬರುತ್ತದೆ. ಆದರೆ ಎಡವಿದ ಮಗುವನ್ನು ಸಮಾಧಾನ ಮಾಡಲು ಹೊಸಿಲಿಗೆ ಎರಡು ಏಟು ಹೊಡೆಯುವವರು ನಾವೇ ತಾನೆ?

ನಮ್ಮ ಕಾನೂನು ಇದನ್ನು ಬೇರೆ ರೀತಿ ನೋಡುತ್ತದೆ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 289ನೇ ಕಲಮು ಪ್ರಾಣಿಯನ್ನು ಕೇಳುತ್ತಲೇ ಇರಲಿಲ್ಲ. ಅದು ಯಾರ ವಶದಲ್ಲಿತ್ತೋ ಅವರು ಅಪಾಯ ತಪ್ಪಿಸಲು ತಕ್ಕ ಎಚ್ಚರ ವಹಿಸಿದ್ದರೋ ಇಲ್ಲವೋ ಅಂತ ಕೇಳುತ್ತಿತ್ತು. ಪ್ರಾಣಿಗೆ ಇದು ಮಗು, ಇದು ತೋಳ ಅಂತ ತಿಳಿಯುವಷ್ಟು ಹೊತ್ತು ಸಿಗಲಿಲ್ಲ. ನನಗೆ ಸಿಕ್ಕಿತ್ತು. ಮಗಳು ಬಾಯಿಬಿಟ್ಟು ಹೇಳಿಯೂ ಇದ್ದಳು. ತಿಳಿಯುವ ಶಕ್ತಿ ಯಾರಿಗಿದೆಯೋ ಹೊಣೆಯೂ ಅವರದೇ. ಕೇಳುವುದಕ್ಕೆ ಸುಲಭ, ಒಪ್ಪಿಕೊಳ್ಳುವುದು ಕಷ್ಟ. ಯಾಕೆಂದರೆ ಹೀಗೆ ನೋಡಿದರೆ ಕುದುರೆಯ ಎದುರು ಮನುಷ್ಯ ಗೆಲ್ಲುವ ಕೇಸೇ ಇಲ್ಲ.

ನಮ್ಮ ಆಫೀಸಿನಲ್ಲಿ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ ಒಂದು ಮೀಟಿಂಗು ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಯಾರೋ ಹೊಸ ಹುಡುಗ ತಪ್ಪು ಕಮಾಂಡು ಒತ್ತಿ ಸರ್ವರ್ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ. ಮಾರನೇ ದಿನ ಎಲ್ಲರೂ ಕೂತು, ಅವನು ಯಾಕೆ ಹಾಗೆ ಮಾಡಿದ ಅಂತ ಕೇಳುವುದಿಲ್ಲ. ಹಾಗೆ ಮಾಡಲು ನಮ್ಮ ವ್ಯವಸ್ಥೆ ಯಾಕೆ ಬಿಟ್ಟಿತು ಅಂತ ಕೇಳುತ್ತೇವೆ. ಮೊದಮೊದಲು ಇದು ಜವಾಬ್ದಾರಿ ತಪ್ಪಿಸಿಕೊಳ್ಳುವ ನಾಜೂಕು ದಾರಿ ಅನ್ನಿಸಿತ್ತು ನನಗೆ. ಆಮೇಲೆ ಒಂದು ವಿಷಯ ಅರ್ಥವಾಯಿತು. ಆ ಮೀಟಿಂಗು ನಡೆಯಬೇಕಾದರೆ ಆ ಹುಡುಗ ಎದ್ದು, "ನಾನೇ ಒತ್ತಿದ್ದು, ಇಂಥ ಹೊತ್ತಲ್ಲಿ, ಹೀಗಂದುಕೊಂಡು ಒತ್ತಿದೆ" ಅಂತ ಹೇಳಲೇಬೇಕು. ಅವನು ಹೇಳದಿದ್ದರೆ ಏನು ನಡೆಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಶಿಕ್ಷೆಯ ಭಯ ತೆಗೆಯುವುದೇ ನಿಜ ಹೊರಗೆ ಬರಲಿ ಅಂತ. ಬೈಯುವುದು ಬೇಡ ಅನ್ನುವುದೂ ಬಾಯಿ ಮುಚ್ಚಿಕೊಂಡಿರುವುದೂ ಒಂದೇ ಅಲ್ಲ.

ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿದ್ದೆ ಅಂದೆನಲ್ಲ, ಆ ಹತ್ತು ಸೆಕೆಂಡಿಗೆ ಒಂದು ಹಿನ್ನೆಲೆ ಇದೆ. ಅದಕ್ಕೆ ಮುಂಚೆ ಹೆಂಡತಿ ಕೇಳಿದ ಪ್ರಶ್ನೆ.

ನಾನು ಮನೆಯಲ್ಲಿ ಚಾಚಾನ ನಿಯಮಗಳನ್ನೆಲ್ಲ ಮಗಳಿಗೆ ಬಾಯಿಪಾಠ ಮಾಡಿಸುತ್ತಿದ್ದಾಗ ಅವಳು ಅಂದಳು: "ಹಂಗಾದ್ರೆ ಯಾರನ್ನೂ ನಂಬಬೇಡ ಅಂತ ಕಲಿಸ್ತಿದೀರಾ ಮಗೂಗೆ? ಪ್ರೀತಿಯಿಂದ ಮುಟ್ಟೋಕೆ ಹೋದ್ರೂ ಒದೆಯುತ್ತೆ ಅಂದ್ಕೊಂಡೇ ಮುಟ್ಟಬೇಕಾ?"

ಒಳ್ಳೆಯ ಪ್ರಶ್ನೆ. ಹಿಂದಿಯಲ್ಲಿ ಒಂದು ಗಾದೆ ಇದೆ, ಅಧಿಕಾರಿಯ ಮುಂದೆ, ಕುದುರೆಯ ಹಿಂದೆ ಸುಳಿಯಬೇಡ ಅಂತ. ಸಂಸ್ಕೃತದ ಒಂದು ಸುಭಾಷಿತ ಇನ್ನೂ ಮುಂದೆ ಹೋಗುತ್ತದೆ. ಗಾಡಿಯಿಂದ ಇಷ್ಟು ಮೊಳ ದೂರವಿರು, ಕುದುರೆಯಿಂದ ಇಷ್ಟು, ಆನೆಯಿಂದ ಇಷ್ಟು ಅಂತ ಹೇಳಿ, ದುರ್ಜನನಿದ್ದರೆ ಊರನ್ನೇ ಬಿಡು ಅನ್ನುತ್ತದೆ. ಚಿಕ್ಕಂದಿನಲ್ಲಿ ಮೇಷ್ಟರು ಇದನ್ನು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಈಗ ನನಗೆ ಆ ಪಟ್ಟಿಯ ಬಗ್ಗೆ ತಕರಾರಿದೆ. ದುರ್ಜನನಿಂದ ದೂರ ಇರುವುದು ಅವನ ಮನಸ್ಸಿನಲ್ಲಿ ಏನಿದೆ ಅಂತ ಹೆದರಿ. ಕುದುರೆಯ ಮನಸ್ಸಿನಲ್ಲಿ ಕೇಡಿಲ್ಲ, ಇರುವುದು ಹೆದರಿಕೆ. ಅಲ್ಲಿ ದೂರ ಇಡುವುದು ಅದು ಹೆದರದಿರಲಿ ಅಂತ. ಮೊಳದ ಲೆಕ್ಕ ಒಂದೇ ಆದರೂ ಕಾರಣ ಬೇರೆ.

ಹೆಂಡತಿಗೆ ನಾನು ಚಾಚಾನ ಉದಾಹರಣೆ ಕೊಟ್ಟೆ. ಮೂವತ್ತು ವರ್ಷ ಕುದುರೆಗಳ ಜೊತೆಗಿದ್ದವರು. ರಾಣಿ ಅವರ ಭುಜದ ಮೇಲೆ ತಲೆಯಿಟ್ಟು ನಿಲ್ಲುತ್ತದೆ. ಆದರೂ ಅವರು ಒಂದು ಸಲವೂ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದನ್ನು ನಾನು ನೋಡಿಲ್ಲ. ಒಂದು ಸಲವೂ ಮಾತಾಡಿಸದೆ ಹಿಂದಿನಿಂದ ದಾಟಿದ್ದನ್ನು ನೋಡಿಲ್ಲ. ಅವರಿಗೆ ಅದರ ಮೇಲೆ ನಂಬಿಕೆ ಇಲ್ಲವಾ? ಇದೆ. ಅದು ಯಾವಾಗ ಒದೆಯುತ್ತೆ ಅಂತ ಅವರಿಗೆ ಗೊತ್ತು, ಆ ಸ್ಥಿತಿಗೆ ಅದನ್ನು ತರುವುದಿಲ್ಲ ಅಷ್ಟೆ. ನನ್ನ "ಏನೂ ಮಾಡಲ್ಲ" ಅನ್ನುವುದರಲ್ಲಿ ಇದ್ದದ್ದು ನಂಬಿಕೆಯೇ ಅಲ್ಲ. ರಾಣಿಯ ಪರವಾಗಿ, ಅದನ್ನು ಕೇಳದೆ, ಅದರ ಕಿವಿಯನ್ನೂ ನೋಡದೆ ನಾನು ಕೊಟ್ಟ ಮಾತು ಅದು. ಮಾತು ಕೊಟ್ಟವನು ನಾನು, ಉಳಿಸಿಕೊಳ್ಳಬೇಕಾದದ್ದು ಅದು, ಪಣಕ್ಕಿಟ್ಟಿದ್ದು ಮಗಳನ್ನು. ಮಾತು ಮುರಿದಾಗ ದ್ರೋಹಿ ಅನ್ನಿಸಿಕೊಳ್ಳುವುದೂ ಅದೇ. "ಯಾವತ್ತೂ ಹಿಂಗೆ ಮಾಡಿರ್ಲಿಲ್ಲ, ಇವತ್ತು ಏನು ಬಂತೋ ಇದಕ್ಕೆ" ಅಂತೀವಲ್ಲ, ಹಾಗೆ.

ಇದು ನನಗೆ ಹೊಳೆದದ್ದಲ್ಲ, ನೆನಪಾದದ್ದು. ಆ ನೆನಪಿನ ಹೆಸರು ಬಿಳಿಯ.

ನಾನಾಗ ಐದನೇ ಕ್ಲಾಸು. ನಮ್ಮ ಮನೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿ ಇತ್ತು. ಅದರಲ್ಲಿ ಎಡಗಡೆ ಕಟ್ಟುತ್ತಿದ್ದದ್ದು ಬಿಳಿಯ. ಕಾರ್ತಿಕದಲ್ಲಿ ಜಡಿಮಳೆ ಹಿಡಿದಿತ್ತು. ನಾನು ರಸಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಸ್ಕೂಲಿನಿಂದ ಓಡಿ ಬಂದೆ. ಮನೆಗೆ ಹೋಗುವ ಬದಲು ಸೀದಾ ಕೊಟ್ಟಿಗೆಗೆ ನುಗ್ಗಿ, ಬಿಳಿಯನ ಪಕ್ಕ ಹೋಗಿ, ತಮಾಷೆಗೆ ಆ ಚೀಲವನ್ನು ಅದರ ಹಿಂಭಾಗಕ್ಕೆ ಪಟಾರ್ ಅಂತ ಬೀಸಿದೆ. ಅದು ಜಾಡಿಸಿ ಒದ್ದಿತು. ನನ್ನ ಮೊಣಕಾಲಿನ ಕೆಳಗೆ ಆ ಗುರುತು ಈಗಲೂ ಇದೆ.

ಅಪ್ಪ ಓಡಿ ಬಂದರು. "ಏನ್ ಮಾಡ್ದೆ?" ಅಂದರು. "ಏನೂ ಮಾಡ್ಲಿಲ್ಲ, ಸುಮ್ನೆ ಹೋಗ್ತಿದ್ದೆ" ಅಂದೆ.

ಅಪ್ಪ ಬಾರುಕೋಲು ತೆಗೆದುಕೊಂಡು ಬಿಳಿಯನಿಗೆ ಹೊಡೆದರು. ಕಟ್ಟಿ ಹಾಕಿದ ಎತ್ತು, ಹೋಗುವುದಾದರೂ ಎಲ್ಲಿಗೆ? ಗೂಟದ ಸುತ್ತ ತಿರುಗಿತು. ನಾನು ಜಗುಲಿಯ ಮೇಲೆ ಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತಾ ನೋಡುತ್ತಿದ್ದೆ. ಹೇಳಿದರೆ ಆ ಏಟು ನನಗೆ ಬೀಳುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು.

ಶಿವರಾತ್ರಿಗೆ ಸಿದ್ಧಗಂಗೆ ದನಗಳ ಜಾತ್ರೆಗೆ ಅಪ್ಪ ಬಿಳಿಯನನ್ನು ಹೊಡೆದುಕೊಂಡು ಹೋದರು. ನಾನೂ ಜೊತೆಗೆ ಹೋಗಿದ್ದೆ. ಒಳ್ಳೆಯ ಎತ್ತು, ನೋಡಲು ರೈತರು ಬಂದರು. ನಮ್ಮಪ್ಪ ಸುಳ್ಳು ಹೇಳುವವರಲ್ಲ. ಕೇಳಿದವರಿಗೆಲ್ಲ, "ಗೇಯ್ಮೆಗೆ ಚೆನ್ನಾಗೈತೆ, ಆದ್ರೆ ಒದೀತದೆ, ನಮ್ ಹುಡ್ಗುಂಗೆ ಒದ್ದೈತೆ" ಅಂತ ಹೇಳಿದರು. ಕೇಳಿದವರೆಲ್ಲ ಹಲ್ಲು ನೋಡಿ, ಬೆನ್ನು ತಟ್ಟಿ ಮುಂದೆ ಹೋದರು. ಕೊನೆಗೆ ಮೂರನೇ ದಿನ ಒಬ್ಬ ದಲ್ಲಾಳಿ ಅರ್ಧ ಬೆಲೆಗೆ ಕೇಳಿದ. ಹಗ್ಗ ಹಿಡಿದುಕೊಂಡು ಹೋದ. ಎಲ್ಲಿಗೆ ಅಂತ ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಅಪ್ಪನ ಸತ್ಯ ನಿಂತಿದ್ದು ನನ್ನ ಸುಳ್ಳಿನ ಮೇಲೆ ಅಂತ ಆ ಜಾತ್ರೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಬಿಇ ಓದಲು ಹೋದೆ, ಕೆಲಸ ಸಿಕ್ಕಿತು, ಮದುವೆ ಆಯಿತು. ಊರಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಈ ಮಾತು ಯಾರಿಗೂ ಹೇಳಿರಲಿಲ್ಲ. ಜುಲೈನ ಆ ಭಾನುವಾರ "ನಂದೇ ತಪ್ಪು ಸಾರ್" ಅಂತ ಚಾಚಾ ತಲೆ ತಗ್ಗಿಸಿದಾಗ, "ಇದು ಇನ್ನು ಬೇಡ" ಅಂತ ಮಾಲೀಕರು ರಾಣಿಯನ್ನು ನೋಡಿದಾಗ, ನಾನು ಮತ್ತೆ ಅದೇ ಜಗುಲಿಯ ಮೇಲೆ ಕೂತಿದ್ದೆ. ಹತ್ತು ಸೆಕೆಂಡಿನ ನಂತರ ಬಾಯಿ ತೆರೆದಿದ್ದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಮಗಳು ನೋಡುತ್ತಿರದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಮಗಳ ಸುದ್ದಿ ಹೇಳಿ, "ಅಪ್ಪಾ, ಬಿಳಿಯ ನೆನಪೈತಾ?" ಅಂದೆ.

"ಎಡಗಡೆ ಎತ್ತಾ? ಹೂಂ."

"ಆವತ್ತು ಅದು ಸುಮ್‌ಸುಮ್ನೆ ಒದ್ದಿರ್ಲಿಲ್ಲ. ನಾನು ಗೊಬ್ಬರದ ಚೀಲದಲ್ಲಿ ಹೊಡ್ದಿದ್ದೆ."

ಆ ಕಡೆ ಟೀವಿ ಸದ್ದು ಕೇಳುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಆಗ್ಲೇ ಹೇಳಿದ್ರೂ ಮಾರ್ತಿದ್ದೆ ಕಣ್ಲಾ. ಮನೆ ತುಂಬ ಸಣ್ ಹುಡ್ಗ್ರಿದ್ರಿ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹೊಡೀತಿರ್ಲಿಲ್ಲ" ಅಂದರು.

ನಾನು ಇಷ್ಟು ಹೊತ್ತು ಹೇಳಲು ಒದ್ದಾಡುತ್ತಿರುವುದನ್ನು ಅಪ್ಪ ಎರಡು ಮಾತಲ್ಲಿ ಹೇಳಿದ್ದರು. ಮನೆಯಲ್ಲಿ ಮಕ್ಕಳಿದ್ದಾರೆ, ಹೆದರಿದರೆ ಒದೆಯುವ ಎತ್ತು ಬೇಡ ಅನ್ನುವುದು ಎಚ್ಚರಿಕೆ. ಅದಕ್ಕೆ ಎತ್ತಿನ ಮೇಲೆ ಅಪರಾಧ ಹೊರಿಸಬೇಕಾಗಿಲ್ಲ. ಬಾರುಕೋಲು ತೆಗೆಯಬೇಕಾದರೆ ಮಾತ್ರ ಅಪರಾಧ ಬೇಕು. ನಾವು ಈ ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿಬಿಟ್ಟಿದ್ದೇವೆ. ದೂರ ಇಡಬೇಕಾದರೆ ಕೆಟ್ಟದ್ದು ಅನ್ನಬೇಕು, ಕೆಟ್ಟದ್ದಲ್ಲ ಅಂದರೆ ಹತ್ತಿರ ಹೋಗಿ ಬೆನ್ನು ತಟ್ಟಬೇಕು. ಹಾಗಾಗಿ ಸಾಧು ಪ್ರಾಣಿಯ ಮುಂದೆ ಎಚ್ಚರ ತಪ್ಪುತ್ತೇವೆ, ಅದು ಬೆದರಿ ಒದ್ದರೆ ಶಿಕ್ಷೆ ಕೊಡುತ್ತೇವೆ. ನಾನು ರಾಣಿಯ ಹಿಂದೆ ಹೋಗದೇ ಇರುವುದು ನನ್ನ ಮೂಳೆಗೆ ಒಳ್ಳೆಯದು, ನಿಜ. ಅದಕ್ಕಿಂತ ಹೆಚ್ಚಾಗಿ, ರಾಣಿ ಯಾವತ್ತೂ ಒದೆಯುವ ಕುದುರೆ ಆಗದಿರಲಿ ಅಂತ ನಾನು ಮಾಡಬಹುದಾದ ಕೆಲಸ ಅದೊಂದೇ.

ಆದರೂ ಅಪ್ಪನ ಮಾತಿನ ಮೊದಲ ಅರ್ಧ ನನಗೆ ಸಮಾಧಾನ ಕೊಡಲಿಲ್ಲ. ನಾನು ನಿಜ ಹೇಳಿದ್ದರೆ ಜಾತ್ರೆಯಲ್ಲಿ ಅಪ್ಪ, "ಮೈ ಮೇಲೆ ಪ್ಲಾ‌ಸ್ಟಿಕ್ ಬಡಿದರೆ ಬೆದರ್ತದೆ" ಅನ್ನುತ್ತಿದ್ದರು. ಒದೀತದೆ ಅನ್ನುತ್ತಿರಲಿಲ್ಲ. ಅಷ್ಟು ಸಾಕಿತ್ತು, ಯಾರಾದರೂ ಒಬ್ಬ ರೈತ ತೆಗೆದುಕೊಳ್ಳುತ್ತಿದ್ದನೇನೋ.

ಮೂರನೇ ಭಾನುವಾರ ಹೋದಾಗ ರಾಣಿ ಲಾಯದಲ್ಲೇ ಇತ್ತು, ಮಕ್ಕಳ ಕ್ಲಾಸಿನಲ್ಲೇ ಇತ್ತು. ಬಾಲದಲ್ಲಿ ಒಂದು ಕೆಂಪು ರಿಬ್ಬನ್ನು ಕಟ್ಟಿದ್ದರು. ಮಗಳು ನೋಡಿ, "ಎಷ್ಟು ಚೆನ್ನಾಗಿದೆ ಅಪ್ಪ, ಜಡೆ ಹಾಕಿದ ಹಾಗೆ" ಅಂದಳು. ನನಗೆ ಅಷ್ಟರಲ್ಲಿ ಅದರ ಅರ್ಥ ಗೊತ್ತಿತ್ತು. ಕುದುರೆ ಸಾಕುವವರಲ್ಲಿ ಬಾಲದ ಕೆಂಪು ರಿಬ್ಬನ್ನು ಅಂದರೆ ಇದು ಒದೆಯುತ್ತದೆ, ದೂರ ಇರಿ ಅಂತ. ನನ್ನ ತಪ್ಪನ್ನು ಅದರ ಬಾಲಕ್ಕೆ ಕಟ್ಟಿದ ಹಾಗೆ ಅನ್ನಿಸಿತು. ಮಾಲೀಕರಿಗೆ ಹೇಳಿ ತೆಗೆಸೋಣವಾ ಅಂತ ಚಾಚಾನನ್ನು ಕೇಳಿದೆ.

"ಬೇಡ ಸಾರ್, ಇರ್ಲಿ" ಅಂದರು. "ನಾನೇ ಕಟ್ಟಿದ್ದು. ಇದನ್ನ ನೋಡಿ ಜನ ಸುತ್ತಿ ಬರ್ತಾರೆ. ಇದಕ್ಕೂ ನೆಮ್ಮದಿ."

ಮಗಳು ಬ್ರಷ್ಷು ತೆಗೆದುಕೊಂಡಳು. ಆ ಕಡೆಗೆ ಹೋಗಬೇಕಿತ್ತು. "ರಾಣೀ, ನಾನು ಬರ್ತಿದೀನಿ" ಅಂತ ಜೋರಾಗಿ ಹೇಳಿ, ಮುಂದಿನಿಂದ ದೂರ ಸುತ್ತಿಕೊಂಡು ಹೋದಳು. ರಾಣಿಯ ಒಂದು ಕಿವಿ ಅವಳು ಹೋದ ಕಡೆಗೇ ತಿರುಗುತ್ತಾ ಹೋಯಿತು.